ತರಂಗದೂರಕ್ಕೆ ಒಂದೇ ಅನುರಣನ ಸಾಲದು

ತರಂಗದ ರೇಖಾಚಿತ್ರ ಕಂಡ ಕೂಡಲೇ ಎರಡು ಉಬ್ಬುಗಳ ನಡುವಿನ ಅಂತರವನ್ನು ತರಂಗದೂರ ಎಂದು ಬರೆದುಬಿಡುವವರು ಬಹಳ. ಮೊದಲು ನೋಡಬೇಕಾದದ್ದು ಅಡ್ಡ ಅಕ್ಷ. ಅಲ್ಲಿ ಮೀಟರ್ ಇದ್ದರೆ ಆ ಅಂತರ ತರಂಗದೂರ, ಸೆಕೆಂಡ್ ಇದ್ದರೆ ಆವರ್ತಕಾಲ, ಅಂದರೆ ಒಂದು ಪೂರ್ಣ ಏರಿಳಿತಕ್ಕೆ ಹಿಡಿಯುವ ಸಮಯ. ವಿದ್ಯುತ್ ಸಂಕೇತದ ಏರಿಳಿತವನ್ನು ಚೌಕಗಳಿರುವ ತೆರೆಯ ಮೇಲೆ ಗೆರೆಯಾಗಿ ಮೂಡಿಸುವ ಆಸಿಲೋಸ್ಕೋಪ್ ಸಾಮಾನ್ಯವಾಗಿ ತೋರಿಸುವುದು ಎರಡನೆಯದನ್ನು, ಅಂದರೆ ಒಂದೇ ಜಾಗದಲ್ಲಿ ಹೊತ್ತು ಸರಿದಂತೆ ಆಗುವ ಏರಿಳಿತವನ್ನು.

ಅಲ್ಲಿಯೂ ಒಂದೇ ಆವರ್ತವನ್ನು ಅಳೆದು ಮುಗಿಸಬಾರದು. ಒಂದು ಚೌಕಕ್ಕೆ 0.5 ಮಿಲಿಸೆಕೆಂಡ್ ಇಟ್ಟಾಗ ಒಂದು ಆವರ್ತ 3.9 ಚೌಕ ಹಿಡಿಯಿತು ಎನ್ನಿ. ಆವರ್ತಕಾಲ 1.95 ಮಿಲಿಸೆಕೆಂಡ್, ಆವೃತ್ತಿ ಸುಮಾರು 513 ಹರ್ಟ್ಜ್. ಕಣ್ಣಳತೆಯಲ್ಲಿ 0.1 ಚೌಕ ತಪ್ಪಿದರೂ ಉತ್ತರ 13 ಹರ್ಟ್ಜ್‌ನಷ್ಟು ಆಚೀಚೆಯಾಗುತ್ತದೆ. ಚೌಕಕ್ಕೆ 1 ಮಿಲಿಸೆಕೆಂಡ್ ಮಾಡಿ 5 ಆವರ್ತಗಳನ್ನು ಒಟ್ಟಿಗೆ ಅಳೆದರೆ ಅದೇ ತಪ್ಪು ಸುಮಾರು 5 ಹರ್ಟ್ಜ್‌ಗೆ ಇಳಿಯುತ್ತದೆ. 5 ಆವರ್ತಕ್ಕೆ 6 ಉಬ್ಬು ಬೇಕೆಂಬುದು ನೆನಪಿರಲಿ. ಪಾರವನ್ನು, ಅಂದರೆ ತರಂಗದ ಗರಿಷ್ಠ ಏರಿಕೆಯನ್ನು, ನಡುಗೆರೆಯಿಂದ ಉಬ್ಬಿನ ತುದಿಯವರೆಗೆ ಅಳೆಯಬೇಕು. ತಗ್ಗಿನಿಂದ ಉಬ್ಬಿಗೆ ಅಳೆದರೆ ಅದು ಪಾರದ ಎರಡರಷ್ಟು.

ಹಾಗಾದರೆ ಶಬ್ದದ ತರಂಗದೂರ ಅಳೆಯುವುದು ಹೇಗೆ? ಹೊರಗಿನ ಕಂಪನಕ್ಕೆ ಒಳಗಿನ ಗಾಳಿಯೂ ಹೊಂದಿಕೊಂಡು ಕಂಪಿಸಿ ಸದ್ದು ಜೋರಾಗುವುದೇ ಅನುರಣನ. ಅದನ್ನು ಬಳಸುವ ಅನುರಣನ ಕೊಳವೆ ಇಂದಿಗೂ ಅತ್ಯುತ್ತಮ ಸಾಧನ ಎಂದೇ ನನ್ನ ಅಭಿಪ್ರಾಯ. ಅದರ ಪ್ರತಿ ಹಂತದಲ್ಲೂ ಭೌತವಿಜ್ಞಾನ ಕಿವಿಗೇ ಕೇಳಿಸುತ್ತದೆ. 3 ಸೆಂ.ಮೀ. ವ್ಯಾಸದ, ಒಂದು ಮೀಟರ್ ಉದ್ದದ ಕೊಳವೆಯಲ್ಲಿ ನೀರು ತುಂಬಿ, 512 ಹರ್ಟ್ಜ್‌ನ ಶ್ರುತಿಕವೆಯನ್ನು (ಬಡಿದರೆ ನಿಗದಿತ ಸ್ವರ ಕೊಡುವ ಲೋಹದ ಕವೆ) ರಬ್ಬರ್ ತುಂಡಿಗೆ ಮೆಲ್ಲಗೆ ಬಡಿದು ಬಾಯಿಯ ಮೇಲೆ, ಅಂಚಿಗೆ ತಾಗದಂತೆ ಹಿಡಿಯಿರಿ. ಜೋರಾಗಿ ಬಡಿದರೆ ಮೂಲಸ್ವರದ ಆರು ಪಟ್ಟಿಗೂ ಮಿಕ್ಕ ಆವೃತ್ತಿಯ ಮೇಲ್ಸ್ವರವೂ ಏಳುತ್ತದೆ, ಸುಳ್ಳು ಅನುರಣನ ಕೇಳಿಸುತ್ತದೆ. ನೀರಿನ ಮಟ್ಟ ಇಳಿಸುತ್ತ ಹೋದಾಗ ಒಂದೆಡೆ ಸದ್ದು ತಟ್ಟನೆ ತುಂಬಿಕೊಳ್ಳುತ್ತದೆ. ಆ ಜಾಗವನ್ನು ಇಳಿಸುವಾಗ ಒಮ್ಮೆ, ಏರಿಸುವಾಗ ಒಮ್ಮೆ ಗುರುತಿಸಿ ಸರಾಸರಿ ತೆಗೆಯಿರಿ.

ಮೊದಲ ಅನುರಣನ 15.8 ಸೆಂ.ಮೀ. ಆಳದಲ್ಲಿ ಸಿಕ್ಕಿತು ಎನ್ನೋಣ. ಇದು ತರಂಗದೂರದ ಕಾಲುಭಾಗ ಎಂದು ನಾಲ್ಕರಿಂದ ಗುಣಿಸಿದರೆ 63.2 ಸೆಂ.ಮೀ., ವೇಗ ಸೆಕೆಂಡಿಗೆ 324 ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಜವಾದ ವೇಗ 343. ಕೊರತೆ ಎಲ್ಲಿಂದ ಬಂತು? ಕೊಳವೆಯೊಳಗಿನ ಗಾಳಿಯ ಕಂಪನ ಬಾಯಂಚಿಗೇ ನಿಲ್ಲುವುದಿಲ್ಲ. ಪ್ರಸ್ಪಂದ ಬಿಂದು, ಅಂದರೆ ಕಂಪನ ಅತಿ ಹೆಚ್ಚಾಗಿರುವ ಜಾಗ, ಬಾಯಂಚಿನಿಂದ ವ್ಯಾಸದ ಸುಮಾರು 0.3ರಷ್ಟು, ಇಲ್ಲಿ 0.9 ಸೆಂ.ಮೀ., ಹೊರಗಿರುತ್ತದೆ. ಆದ್ದರಿಂದ ಮಟ್ಟವನ್ನು ಇನ್ನೂ ಇಳಿಸಿ ಎರಡನೆಯ ಅನುರಣನವನ್ನೂ ಹುಡುಕಬೇಕು. ಅದು 49.3ರಲ್ಲಿ ಸಿಗುತ್ತದೆ. ಕಳೆದರೆ 33.5 ಸೆಂ.ಮೀ.; ಎರಡು ಅಳತೆಯಲ್ಲೂ ಇದ್ದ ಬಾಯಂಚಿನ ತಪ್ಪು ಬಿದ್ದುಹೋಗುತ್ತದೆ. ಇದು ತರಂಗದೂರದ ಅರ್ಧ. ಪೂರ್ತಿ 67 ಸೆಂ.ಮೀ., ವೇಗ 343. ಈ ವ್ಯತ್ಯಾಸದಲ್ಲಿ 2 ಮಿ.ಮೀ. ತಪ್ಪಿದರೆ ವೇಗದಲ್ಲಿ ಸೆಕೆಂಡಿಗೆ 2 ಮೀಟರ್ ತಪ್ಪುತ್ತದೆ.

ಅದೇ ಕಂಪನ ನೀರಿಗೆ ದಾಟಿದರೆ ಆವೃತ್ತಿ 512 ಆಗಿಯೇ ಉಳಿಯುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಮೂಲ, ಮಾಧ್ಯಮವಲ್ಲ. ನೀರಿನಲ್ಲಿ ವೇಗ ಸುಮಾರು 1480 ಮೀಟರ್ ಆಗಿರುವುದರಿಂದ ತರಂಗದೂರ 2.9 ಮೀಟರಿಗೆ ಹಿಗ್ಗುತ್ತದೆ.

ಪ್ರಯೋಗದ ಹಾಳೆಯಲ್ಲಿ ತಾಪಮಾನವನ್ನೂ ಬರೆಯಿರಿ. ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ಕೊಳವೆಗೆ ತಣ್ಣೀರು ಹಾಕಿದ್ದರೆ ಒಳಗಿನ ಗಾಳಿ ಕೋಣೆಗಿಂತ ತಂಪಾಗಿರುತ್ತದೆ. ಹಾಗಾಗಿ ಥರ್ಮಾಮೀಟರನ್ನು ಗೋಡೆಗೆ ತೂಗುಹಾಕುವ ಬದಲು ಕೊಳವೆಯೊಳಗೆ ಇಳಿಬಿಟ್ಟು ಓದಿ.