ಬಿತ್ತನೆ ಬೀಜಕ್ಕೆ ಕೈ ಹಾಕುವ ದಿನ: 'ಸುಸ್ಥಿರ ಅಭಿವೃದ್ಧಿ' ಮತ್ತು 'ಭೂರಾಜಕೀಯ ಉದ್ವಿಗ್ನತೆ'

ರೈತರ ಮನೆಯಲ್ಲಿ ಎಂಥ ಬರಗಾಲದಲ್ಲೂ ಮುಟ್ಟದ ಒಂದು ಮಡಕೆ ಇರುತ್ತಿತ್ತು. ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಬಾಯಿ ಕಟ್ಟಿಟ್ಟ ಬಿತ್ತನೆ ಬೀಜ ಅದರೊಳಗೆ. 'ಸುಸ್ಥಿರ ಅಭಿವೃದ್ಧಿ' ಎಂಬ ಪದದ ಅರ್ಥ ಬಹುಮಟ್ಟಿಗೆ ಆ ಮಡಕೆಯಲ್ಲೇ ಇದೆ. ಇಂದಿನವರ ಅಗತ್ಯ ನೀಗಬೇಕು, ಆದರೆ ಅದರಿಂದ ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ಬರಬಾರದು ಎಂಬುದು ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲಂಡ್ ಅಧ್ಯಕ್ಷತೆಯ ಆಯೋಗ 1987ರಲ್ಲಿ ಕೊಟ್ಟ ವ್ಯಾಖ್ಯೆಯ ಸಾರ. 2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು 2030ರ ಗಡುವು ಹಾಕಿಕೊಂಡು ಒಪ್ಪಿದ 17 ಗುರಿಗಳೂ ಇದರದೇ ವಿಸ್ತರಣೆ. ಹಸಿವು ನೀಗಿಸುವುದು ಎರಡನೆಯ ಗುರಿ, ಕೈಗೆಟಕುವ ಶುದ್ಧ ಇಂಧನ ಏಳನೆಯದು.

'ಭೂರಾಜಕೀಯ' ಎಂದರೆ ಜಮೀನಿನ ರಾಜಕೀಯ ಅಲ್ಲ. ದೇಶವೊಂದು ಭೂಪಟದಲ್ಲಿ ಎಲ್ಲಿದೆ, ಅದರ ಬಂದರು, ಜಲಸಂಧಿ, ಅನಿಲದ ಕೊಳವೆಗಳು ಯಾರ ಹಿಡಿತದಲ್ಲಿವೆ ಎಂಬುದರ ಸುತ್ತ ನಡೆಯುವ ಬಲಾಬಲದ ಲೆಕ್ಕ ಅದು. ಉದ್ವಿಗ್ನತೆಗೆ ಯುದ್ಧವೇ ಆಗಬೇಕೆಂದಿಲ್ಲ. ನಿರ್ಬಂಧ, ರಫ್ತು ತಡೆ, ಹಡಗಿನ ವಿಮೆ ಏರುವುದು, ಇಷ್ಟು ಸಾಕು.

ಇವೆರಡೂ ಪದಗಳು ಎಲ್ಲಿ ಸಂಧಿಸುತ್ತವೆ ಎಂದು ನೋಡಲು ಈಜಿಪ್ಟಿಗೆ ಹೋಗಬೇಕು. ಅಲ್ಲಿನ ಆಡುಮಾತಿನಲ್ಲಿ ರೊಟ್ಟಿಗೆ 'ಐಶ್' ಎನ್ನುತ್ತಾರೆ. ಆ ಪದದ ಮೂಲಾರ್ಥ ಬದುಕು. ಕೆಲಸ ಕಳೆದುಕೊಂಡವನನ್ನು ಕಂಡು ನಾವು 'ಅವನ ಅನ್ನ ಹೋಯ್ತು' ಅನ್ನುವುದಿಲ್ಲವೆ, ಹಾಗೆ. ಕಂದು ಬಣ್ಣದ, ತವುಡು ಮೆತ್ತಿದ, ಒಲೆಯಿಂದ ಉಬ್ಬಿಕೊಂಡು ಬರುವ ಈ ದುಂಡು ರೊಟ್ಟಿಯನ್ನು ಸರ್ಕಾರ ಮೂರು ದಶಕಗಳಿಗೂ ಹೆಚ್ಚು ಕಾಲ 5 ಪಿಯಾಸ್ಟರ್‌ಗೆ (ನಮ್ಮ ಪೈಸೆಯಂತೆ ಅಲ್ಲಿನ ಚಿಲ್ಲರೆ ಹಣ) ಕೊಟ್ಟಿತು. ಪಡಿತರ ಚೀಟಿಯಿರುವ ಸುಮಾರು 7 ಕೋಟಿ ಜನಕ್ಕೆ ತಲೆಗೆ ದಿನಕ್ಕೆ ಐದು ರೊಟ್ಟಿ. ಆದರೆ ಆ ದೇಶ ಆಮದು ಮಾಡಿಕೊಳ್ಳುತ್ತಿದ್ದ ಗೋಧಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ರಷ್ಯಾ, ಉಕ್ರೇನ್‌ಗಳದ್ದು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಕಪ್ಪು ಸಮುದ್ರದಲ್ಲಿನ ಉಕ್ರೇನಿನ ಬಂದರುಗಳು ಮುಚ್ಚಿದವು. ಮಾರ್ಚ್‌ನಲ್ಲಿ ಜಗತ್ತಿನ ಆಹಾರ ಬೆಲೆ ಸೂಚ್ಯಂಕ ಹಿಂದೆಂದೂ ಕಾಣದ ಎತ್ತರಕ್ಕೇರಿತು. ಟರ್ಕಿ ಮತ್ತು ವಿಶ್ವಸಂಸ್ಥೆ ಮಧ್ಯೆ ನಿಂತು ಜುಲೈನಲ್ಲಿ ಇಸ್ತಾಂಬುಲ್‌ನಲ್ಲಿ ಮಾಡಿಸಿದ ಒಪ್ಪಂದದಿಂದ ಸುಮಾರು 3.3 ಕೋಟಿ ಟನ್ ಧಾನ್ಯ ಮತ್ತು ಆಹಾರ ಸಾಮಗ್ರಿ ಹೊರಬಂತು. ಒಂದು ವರ್ಷದಲ್ಲಿ ರಷ್ಯಾ ಅದರಿಂದಲೂ ಹಿಂದೆ ಸರಿಯಿತು. ಈ ನಡುವೆ ಈಜಿಪ್ಟ್ ಆಹಾರ ಭದ್ರತೆಗೆಂದು ವಿಶ್ವಬ್ಯಾಂಕಿನಿಂದ 50 ಕೋಟಿ ಡಾಲರ್ ಸಾಲ ಪಡೆಯಿತು. ಅದರ ಬಹುಪಾಲು ಗೋಧಿ ಕೊಳ್ಳಲು.

ನನ್ನನ್ನು ಬಹಳ ಕಾಡುವುದು ಈ ಸಾಲವೇ. ನಾಲೆಗೋ ಶಾಲೆಗೋ ಮಾಡಿದ ಸಾಲವಾಗಿದ್ದರೆ ಮಕ್ಕಳ ಕಾಲಕ್ಕೆ ಅದರ ಫಲವೂ ಇರುತ್ತಿತ್ತು. ರೊಟ್ಟಿಯಾದರೋ ಆವತ್ತೇ ಖರ್ಚಾಯಿತು, ತೀರಿಸುವುದು ಮಾತ್ರ ಮಕ್ಕಳ ಪಾಲಿಗೆ ಬಂತು. ಯಾವ ಸರ್ಕಾರವೂ ಹಸಿದವರನ್ನು ಕಾಯಿಸಲಾರದು, ಹಾಗೆ ಕಾಯಿಸಲೂಬಾರದು. ಉದ್ವಿಗ್ನತೆಯ ಪೆಟ್ಟು ಬೀಳುವುದು ಹೀಗೆ: ಬಿತ್ತನೆ ಬೀಜದ ಮಡಕೆಯ ಬಾಯಿ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ. 2024ರ ಜೂನ್‌ನಲ್ಲಿ ಆ ರೊಟ್ಟಿಯ ಬೆಲೆಯೂ ನಾಲ್ಕು ಪಟ್ಟಾಗಿ 20 ಪಿಯಾಸ್ಟರ್‌ಗೆ ಏರಿತು.

ಅನಿಲದ ಕತೆಯೂ ಬೇರೆಯಲ್ಲ. ರಷ್ಯಾದ ಅನಿಲ ಕಡಿಮೆಯಾದಾಗ ಯುರೋಪ್ ಕೇಳಿದಷ್ಟು ಹಣ ಕೊಟ್ಟು ಹಡಗಿನಲ್ಲಿ ಬರುವ ಅನಿಲವನ್ನು ಕೊಂಡಿತು. ಆ ಬೆಲೆ ತೆರಲಾಗದ ಬಾಂಗ್ಲಾದೇಶ 2022ರ ಜುಲೈನಲ್ಲಿ ಸರದಿಯ ಮೇಲೆ ವಿದ್ಯುತ್ ಕಡಿತಕ್ಕಿಳಿಯಿತು. ಜರ್ಮನಿಯೇ ಕಲ್ಲಿದ್ದಲು ಘಟಕಗಳನ್ನು ಮತ್ತೆ ಚಾಲೂ ಮಾಡಿತು. ಇದೇ ಬಿಕ್ಕಟ್ಟು ಯುರೋಪಿನಲ್ಲಿ ಸೌರ, ಪವನ ವಿದ್ಯುತ್ತಿಗೆ ವೇಗ ಕೊಟ್ಟಿತು ಎಂಬುದೂ ನಿಜ. ಆದರೆ ಅಂಥ ವೇಗಕ್ಕೆ ಕೈಯಲ್ಲಿ ಹಣ ಬೇಕು. ಹವಾಮಾನ ಬದಲಾವಣೆಯನ್ನು ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೊಟ್ಟ ಮಾತು ಈಡೇರಿದ್ದು 2022ರಲ್ಲಿ. ಜಗತ್ತಿನಲ್ಲಿ ಹಣವೇ ಇಲ್ಲವೆಂದಲ್ಲ: 2024ರಲ್ಲಿ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತು.

ನಮ್ಮ ಅಡುಗೆಮನೆಗೂ ಇದರ ಬಿಸಿ ತಟ್ಟಿದೆ. ಯುದ್ಧಕ್ಕೆ ಮುಂಚೆ ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಉಕ್ರೇನಿನದು. 2022ರ ಮಾರ್ಚ್‌ನಲ್ಲಿ ಕಿರಾಣಿ ಅಂಗಡಿಯ ಎಣ್ಣೆ ಪ್ಯಾಕೆಟ್ಟಿನ ದರ ವಾರವಾರಕ್ಕೂ ಏರಿದ್ದು ಅದಕ್ಕೇ. ದೇಶದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ಕರ್ನಾಟಕವೇ. ಅಗ್ಗದ ಆಮದು ಎಣ್ಣೆಯ ಮುಂದೆ ಬೆಲೆ ಸಿಗದೆ ಉತ್ತರ ಕರ್ನಾಟಕದ ಎಷ್ಟೋ ರೈತರು ಆ ಬೆಳೆಯನ್ನು ಬಿಟ್ಟು ವರ್ಷಗಳೇ ಆಗಿದ್ದವು.