ದೊಡ್ಡವರ ಮದ್ದು, ಮಕ್ಕಳ ಡೋಸ್

ತೂಕ ಕಡಿಮೆ, ಹಾಗಾಗಿ ಡೋಸೂ ಕಡಿಮೆ. ಮಕ್ಕಳಿಗೆ ಮದ್ದು ಕೊಡುವಾಗ ಬಹುಕಾಲ ನಡೆದದ್ದು ಇದೇ ಲೆಕ್ಕ. ಇದು ಎಷ್ಟು ಅಪಾಯದ್ದು ಅಂತ 1950ರ ದಶಕದಲ್ಲಿ ಅಮೆರಿಕದಲ್ಲಿ ಗೊತ್ತಾಯಿತು.

ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ಸೋಂಕು ತಗುಲದಿರಲಿ ಎಂದು ಅಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಕೊಡುತ್ತಿದ್ದರು. ಕೆಲವು ಶಿಶುಗಳ ಹೊಟ್ಟೆ ಉಬ್ಬಿತು, ಮೈ ಬೂದು ಬಣ್ಣಕ್ಕೆ ತಿರುಗಿತು, ಜೀವ ಹೋಯಿತು. 1959ರಲ್ಲಿ ವೈದ್ಯರು ಹೋಲಿಸಿ ನೋಡಿದರು. ಔಷಧ ಪಡೆದ ಶಿಶುಗಳಲ್ಲೇ ಸಾವು ಜಾಸ್ತಿ ಇತ್ತು. ಆಗಷ್ಟೇ ಹುಟ್ಟಿದ ಮಗುವಿನ ಲಿವರ್‌ಗೆ ಈ ಔಷಧವನ್ನು ಕರಗಿಸಿ ಸಾಗಹಾಕುವ ಶಕ್ತಿ ಬಂದಿರುವುದಿಲ್ಲ. ಡೋಸಿನ ಮೇಲೆ ಡೋಸ್ ಮೈಯಲ್ಲೇ ಉಳಿದು ವಿಷವಾಗಿತ್ತು.

ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಎಂಬ ಮದ್ದಿನಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ, 1962ರಲ್ಲಿ, ಅಮೆರಿಕ ಔಷಧ ಕಾನೂನನ್ನು ಬಿಗಿಗೊಳಿಸಿತು. ಔಷಧ ಕೆಲಸ ಮಾಡುತ್ತದೆ ಎಂದು ಕಂಪನಿಗಳು ಸಾಬೀತು ಮಾಡಲೇಬೇಕಾಯಿತು. ಮಕ್ಕಳಿಗೂ ಇದರಿಂದ ಒಳ್ಳೆಯದಾಗಬೇಕಿತ್ತು, ಅಲ್ವಾ? ಆದರೆ ಕಂಪನಿಗಳು ದೊಡ್ಡವರ ಮೇಲಷ್ಟೇ ಪರೀಕ್ಷೆ ಮಾಡಿ, ಮಕ್ಕಳಲ್ಲಿ ಸುರಕ್ಷತೆ ಖಚಿತವಾಗಿಲ್ಲ ಎಂದು ಲೇಬಲ್‌ನಲ್ಲಿ ಬರೆದು ಕೈತೊಳೆದುಕೊಂಡವು. ಈ ಮಕ್ಕಳು ಚಿಕಿತ್ಸೆಯ ಅನಾಥರು ಎಂದು ಅಮೆರಿಕದ ಮಕ್ಕಳ ವೈದ್ಯ ಡಾ. ಹ್ಯಾರಿ ಶರ್ಕಿ 1963ರಲ್ಲೇ ಹೇಳಿದರು. ಮಕ್ಕಳನ್ನು ಪರೀಕ್ಷೆಯಿಂದ ದೂರ ಇಟ್ಟದ್ದರಲ್ಲಿ ಕರುಣೆಯೂ ಇತ್ತು. ಆದರೆ ಕಾಯಿಲೆ ಕಾಯುವುದಿಲ್ಲವಲ್ಲ. ವೈದ್ಯರು ಅದೇ ಔಷಧವನ್ನು ಅಂದಾಜಿನಲ್ಲಿ ಕೊಟ್ಟರು. ಅದೂ ಪ್ರಯೋಗವೇ. ಯಾರೂ ಒಪ್ಪಿಗೆ ಕೇಳಲಿಲ್ಲ, ಫಲಿತಾಂಶ ಬರೆದಿಡಲೂ ಇಲ್ಲ.

ದಾರಿ ಸಿಕ್ಕಿದ್ದು 1997ರಲ್ಲಿ. ಸರ್ಕಾರ ಕೇಳಿದಂತೆ ಮಕ್ಕಳಲ್ಲಿ ಅಧ್ಯಯನ ಮಾಡಿದ ಕಂಪನಿಗೆ, ಆ ಔಷಧವನ್ನು ಪೈಪೋಟಿ ಇಲ್ಲದೆ ಮಾರಲು ಇನ್ನೂ ಆರು ತಿಂಗಳು ಸಿಗುವಂತಾಯಿತು. 2003ರ ಕಾನೂನು ಹಲವು ಹೊಸ ಔಷಧಗಳಿಗೆ ಈ ಅಧ್ಯಯನವನ್ನು ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟ 2007ರಿಂದ ಬಹುಮಾನ, ಕಡ್ಡಾಯ ಎರಡನ್ನೂ ಒಟ್ಟಿಗೆ ತಂದಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆಂದೇ ಅಗತ್ಯ ಔಷಧಗಳ ಮೊದಲ ಪಟ್ಟಿ ಹೊರಡಿಸಿತು. ಅಮೆರಿಕದಲ್ಲಿ ನೂರಾರು ಔಷಧಗಳ ಲೇಬಲ್‌ಗೆ ಮಕ್ಕಳ ಮಾಹಿತಿ ಸೇರಿದೆ.

ಆದರೆ ಈ ಬಹುಮಾನ ಎಳೆಯುವುದು ಲಾಭ ತರುವ ಹೊಸ ಔಷಧಗಳನ್ನು. ಪೇಟೆಂಟ್ ಮುಗಿದ ಹಳೆಯ ಔಷಧಗಳನ್ನು ಯಾವ ಕಂಪನಿ ಪರೀಕ್ಷಿಸುತ್ತದೆ? ಅದಕ್ಕೆಂದೇ ಅಮೆರಿಕ 2002ರಲ್ಲಿ ಸರ್ಕಾರಿ ಹಣದ ದಾರಿ ಮಾಡಿತು. ಭಾರತದಲ್ಲಿ ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ, ಮುಂದುವರಿಸುವ ಅವಕಾಶವಿಲ್ಲ; ಹಾಗಾಗಿ ಪೇಟೆಂಟ್ ಹಿಗ್ಗಿಸಿ ಬಹುಮಾನ ಕೊಡಲು ಇಲ್ಲಿ ಆಗದು. ಅಮೆರಿಕ ಎಂದೂ ಒಪ್ಪದ ನಿಮೆಸುಲೈಡ್ ಎಂಬ ನೋವು-ಜ್ವರದ ಮದ್ದು ಇಲ್ಲಿ ಮಕ್ಕಳ ಸಿರಪ್ ಆಗಿ ಮಾರಾಟವಾಗುತ್ತಿತ್ತು. 12 ವರ್ಷದೊಳಗಿನವರಿಗೆ ಅದನ್ನು ನಿಷೇಧಿಸಿದ್ದು 2011ರಲ್ಲಿ. ಇಲ್ಲಿನ ಹಳೆಯ, ಅಗ್ಗದ ಔಷಧಗಳನ್ನು ಮಕ್ಕಳಿಗಾಗಿ ಪರೀಕ್ಷಿಸುವ ಖರ್ಚನ್ನು ಸರ್ಕಾರವೇ ಹೊರಬೇಕು.