ರಾಕೆಟ್ ಸ್ಪರ್ಧೆಗೆ ಹೊರಟವರು ಮೊದಲು ಇಳಿಯುವ ಲೆಕ್ಕ ಹಾಕಿ

ಮಾಡೆಲ್ ರಾಕೆಟ್ ಸ್ಪರ್ಧೆಗಳಲ್ಲಿ ತಂಡಗಳು ಅಂಕ ಕಳೆದುಕೊಳ್ಳುವುದು ಬಹುಪಾಲು ಕೆಳಗಿಳಿಯುವಾಗ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾ, ಇಂಥ ತಂಡಗಳಿಗೆ ಮಾರ್ಗದರ್ಶನ ಮಾಡುತ್ತಾ ನಾನು ಕಂಡುಕೊಂಡ ಮಾತಿದು. ಹುಡುಗರು ಬಂದು 'ಸಾರ್, ಎಷ್ಟು ಎತ್ತರ ಹೋಗಬಹುದು?' ಅಂತ ಕೇಳುತ್ತಾರೆ. ಎಲ್ಲಿ ಇಳಿಯುತ್ತದೆ, ಎಷ್ಟು ವೇಗದಲ್ಲಿ ನೆಲ ಮುಟ್ಟುತ್ತದೆ ಅಂತ ಯಾರೂ ಕೇಳುವುದಿಲ್ಲ.

ಸ್ಪರ್ಧೆಯ ನಿಯಮಗಳನ್ನೇ ನೋಡಿ. ಅಮೆರಿಕದ ಶಾಲಾ ಮಕ್ಕಳ ದೊಡ್ಡ ರಾಕೆಟ್ ಸ್ಪರ್ಧೆಯಲ್ಲಿ ಹಸಿ ಮೊಟ್ಟೆಯನ್ನು ಹೊತ್ತು ಹೋಗಬೇಕು. ಹೇಳಿದ ಎತ್ತರಕ್ಕೆ ಏರಬೇಕು, ಹೇಳಿದಷ್ಟೇ ಸೆಕೆಂಡಿನಲ್ಲಿ ಹಾರಾಟ ಮುಗಿಸಿ ಇಳಿಯಬೇಕು. ಒಂದು ಅಡಿ ಹೆಚ್ಚುಕಮ್ಮಿ ಆದರೆ 1 ಅಂಕ ದಂಡ. ಒಂದು ಸೆಕೆಂಡ್ ತಪ್ಪಿದರೆ 4 ಅಂಕ. ಮೊಟ್ಟೆ ಒಡೆದರೆ ಆ ಹಾರಾಟ ಲೆಕ್ಕಕ್ಕೇ ಇಲ್ಲ. ನಮ್ಮಲ್ಲಿ ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳಿಗೆ ನಡೆಸುವ ಮಾಡೆಲ್ ರಾಕೆಟ್ರಿ ಮತ್ತು ಕ್ಯಾನ್‌ಸ್ಯಾಟ್ (ಡಬ್ಬಿ ಗಾತ್ರದ ಮಾದರಿ ಉಪಗ್ರಹ) ಸ್ಪರ್ಧೆ 2025ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ನಡೆಯಿತು. ಅಲ್ಲೂ ಪೇಲೋಡನ್ನು, ಅಂದರೆ ರಾಕೆಟ್ ಹೊರುವ ಸಾಮಾನನ್ನು, ಮೇಲಕ್ಕೆ ಕೊಂಡೊಯ್ದರೆ ಅರ್ಧ ಕೆಲಸ ಮಾತ್ರ ಆಯಿತು.

ಇದಕ್ಕೆ ಒಳ್ಳೆಯ ಪಾಠ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ 'ಪುಷ್ಪಕ್' ಅನ್ನುವ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ವಾಹನವನ್ನು 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಸಲ ಇಳಿಸಿ ನೋಡಿತು. ಮೂರೂ ಸಲ ಅಲ್ಲಿಂದ ಯಾವ ರಾಕೆಟ್ಟೂ ಮೇಲೇರಲಿಲ್ಲ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ದಾರಿ ಹುಡುಕಿ ರನ್‌ವೇಗೆ ಬಂದಿತು. ಕೊನೆಯ ಪರೀಕ್ಷೆಯಲ್ಲಿ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ದಾಟಿತ್ತು. ಬ್ರೇಕ್ ಪ್ಯಾರಾಚೂಟ್ ಅದನ್ನು ಸುಮಾರು 100ಕ್ಕೆ ಇಳಿಸಿತು. ಇಳಿಯುವುದನ್ನು ಮಾತ್ರ ಬೇರೆಯಾಗಿ ತೆಗೆದು, ಮತ್ತೆ ಮತ್ತೆ ಪರೀಕ್ಷಿಸಿದರು ನೋಡಿ. ವಿದ್ಯಾರ್ಥಿ ತಂಡಗಳೂ ಹಾಗೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಕಷ್ಟದ್ದಲ್ಲ. 200 ಗ್ರಾಂ ತೂಕದ ರಾಕೆಟ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಇಳಿಯಬೇಕು ಅಂದುಕೊಳ್ಳಿ. ಅದಕ್ಕೆ ಹೆಚ್ಚುಕಮ್ಮಿ 48 ಸೆಂ.ಮೀ. ವ್ಯಾಸದ ಪ್ಯಾರಾಚೂಟ್ ಬೇಕು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಗಿಂತ ಸ್ವಲ್ಪ ತೆಳು, ಅದನ್ನೂ ಸೇರಿಸಿಯೇ ಈ ಅಳತೆ ಹೇಳಿದ್ದೇನೆ. ವೇಗವನ್ನು ಅರ್ಧಕ್ಕೆ ಇಳಿಸಬೇಕಾದರೆ ಬಟ್ಟೆಯ ವಿಸ್ತೀರ್ಣ ನಾಲ್ಕು ಪಟ್ಟು ಆಗಬೇಕು. ಹಾಗಾದರೆ ದೊಡ್ಡದೇ ಒಳ್ಳೆಯದು ಅಲ್ವಾ ಅಂತ ಕೇಳಬಹುದು. ಅಲ್ಲ. 200 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಮೀಟರಿನಂತೆ ಇಳಿಯಲು 40 ಸೆಕೆಂಡ್ ಬೇಕು. ಗಾಳಿ ಗಂಟೆಗೆ 20 ಕಿ.ಮೀ. ಬೀಸುತ್ತಿದ್ದರೆ ಅಷ್ಟರಲ್ಲಿ ರಾಕೆಟ್ 220 ಮೀಟರ್ ಆಚೆ ಹೋಗಿರುತ್ತದೆ. ಇನ್ನೂ ನಿಧಾನವಾಗಿ ಇಳಿದರೆ ದೂರ ಇನ್ನೂ ಜಾಸ್ತಿ. ದಾವಣಗೆರೆ ಸುತ್ತ ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲದಲ್ಲಿ ಬಿಳಿ ಕೊಳವೆ ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು. ಅಡಿಕೆ ತೋಟಕ್ಕೆ ಬಿದ್ದರೆ ಮರದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ವಿದ್ಯುತ್ ತಂತಿಗೆ ಸಿಕ್ಕಿದರಂತೂ ಅದರ ಆಸೆ ಬಿಟ್ಟುಬಿಡಿ, ಕೋಲು ಹಿಡಿದು ಹೋಗಬೇಡಿ.

ಪ್ಯಾರಾಚೂಟ್ ಮಡಿಸುವ ಕೆಲಸ ತಂಡದಲ್ಲಿ ಒಬ್ಬರದೇ ಆಗಿರಲಿ. ಸೀರೆ ನೆರಿಗೆ ಹಿಡಿದ ಹಾಗೆ ಸಮವಾಗಿ ಮಡಿಸಿ, ದಾರಗಳನ್ನು ಬಿಗಿಯಾಗಿ ಸುತ್ತದೆ ಒಳಗಿಡಬೇಕು. ಪ್ಲಾಸ್ಟಿಕ್ ಪ್ಯಾರಾಚೂಟ್ ಆದರೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಅಂಟಿಕೊಳ್ಳುವುದಿಲ್ಲ. ರಾತ್ರಿಯೇ ಮಡಿಸಿಟ್ಟು ಬೆಳಿಗ್ಗೆ ಹಾರಿಸಬೇಡಿ, ಮಡಿಕೆ ಕೂತುಬಿಟ್ಟರೆ ಬಿಚ್ಚಿಕೊಳ್ಳಲು ತಡ ಆಗುತ್ತದೆ. ಪ್ಯಾರಾಚೂಟನ್ನು ಹೊರಗೆ ತಳ್ಳುವ ಸಿಡಿಮದ್ದಿನ ಬಿಸಿ ತಾಗದಂತೆ ನಡುವೆ ಬೆಂಕಿ ಹಿಡಿಯದ ಕಾಗದ ಇರಲೇಬೇಕು. ಇಷ್ಟಾದ ಮೇಲೆ ಕಾಲೇಜು ಕಟ್ಟಡದ ಮೇಲಿನಿಂದ, ಕೆಳಗೆ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು, ರಾಕೆಟ್ಟಿನಷ್ಟೇ ತೂಕ ಕಟ್ಟಿ ಪ್ಯಾರಾಚೂಟನ್ನು ಬಿಡಿ. ಪ್ರತಿ ಸಲವೂ ತೆರೆಯುತ್ತದೆಯೇ ನೋಡಿ. ಒಂದು ಸಲ ತೆರೆಯದಿದ್ದರೂ ಕಾರಣ ಹುಡುಕಿ.

ಮೋಟಾರ್ ಅಂದರೆ ರಾಕೆಟ್ಟನ್ನು ಮೇಲೆ ತಳ್ಳುವ, ಇಂಧನ ತುಂಬಿದ ಕೊಳವೆ. ಅದರ ಮೇಲೆ ಬರೆದ ಸಂಖ್ಯೆಯನ್ನು ಓದಲು ಕಲಿಯಿರಿ. 'ಸಿ6-5' ಅಂತ ಇದ್ದರೆ ಸಿ ಅನ್ನುವುದು ಒಟ್ಟು ಶಕ್ತಿಯ ವರ್ಗ, 6 ಅನ್ನುವುದು ಸರಾಸರಿ ತಳ್ಳುಬಲ ನ್ಯೂಟನ್‌ಗಳಲ್ಲಿ, 5 ಅನ್ನುವುದು ಇಂಧನ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರಬರಲು ಹಿಡಿಯುವ ಸೆಕೆಂಡ್. ಈ ಕೊನೆಯ ಅಂಕಿಯನ್ನು ಬಹಳ ತಂಡಗಳು ಗಮನಿಸುವುದೇ ಇಲ್ಲ. ರಾಕೆಟ್ ತುದಿಗೆ ತಲುಪಿ ನಿಧಾನವಾದ ಕ್ಷಣಕ್ಕೆ ಪ್ಯಾರಾಚೂಟ್ ಬರಬೇಕು. ಬೇಗ ಬಂದರೂ ತಡವಾದರೂ ವೇಗ ಜಾಸ್ತಿ ಇರುತ್ತದೆ, ಮೂಗನ್ನೂ ಕೊಳವೆಯನ್ನೂ ಜೋಡಿಸುವ ಹುರಿ (ಶಾಕ್ ಕಾರ್ಡ್) ಕಾಗದದ ಕೊಳವೆಯನ್ನು ಸೀಳಿಬಿಡುತ್ತದೆ.

ನೇರವಾಗಿ ಏರದ ರಾಕೆಟ್ ನೆಟ್ಟಗೆ ಇಳಿಯುವುದೂ ಇಲ್ಲ. ಭಾರಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡ ಕೇಂದ್ರ (ಗಾಳಿಯ ಬಲವೆಲ್ಲ ಸೇರಿ ತಳ್ಳುವ ಬಿಂದು) ಹಿಂದಿರಬೇಕು. ನಡುವಿನ ಅಂತರ ಕೊಳವೆಯ ವ್ಯಾಸದ ಒಂದರಿಂದ ಎರಡು ಪಟ್ಟು ಇದ್ದರೆ ಸರಿ. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದದ್ದೂ ದಾರಿ ತಪ್ಪದಿರಲಿ ಅಂತಲೇ. ಓಪನ್‌ರಾಕೆಟ್ ಅನ್ನುವ ಉಚಿತ ತಂತ್ರಾಂಶ ಈ ಲೆಕ್ಕವನ್ನು ಮಾಡಿಕೊಡುತ್ತದೆ. ಆದರೆ ಅಂಟು, ಬಣ್ಣ ಎಲ್ಲ ಆದ ಮೇಲೆ ತೂಕ ಹೆಚ್ಚಿರುತ್ತದೆ, ಅದೂ ಹೆಚ್ಚಾಗಿ ಬಾಲದ ಕಡೆ. ತಯಾರಾದ ರಾಕೆಟ್ಟನ್ನೇ ತೂಗಿ, ಮೋಟಾರಿನಷ್ಟೇ ತೂಕದ ಮರದ ತುಂಡು ಒಳಗಿಟ್ಟು, ಭಾರಕೇಂದ್ರಕ್ಕೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿ. ಮೂಗು ಮುಂದಾಗಿ ಸುತ್ತಿದರೆ ಹಾರಿಸಬಹುದು. ಇಲ್ಲವಾದರೆ ಮೂಗಿನೊಳಗೆ ಸ್ವಲ್ಪ ತೂಕ ಸೇರಿಸಿ.

ಅತಿಯಾಗಿ ಸ್ಥಿರವಾದರೂ ಕಷ್ಟ, ರಾಕೆಟ್ ಗಾಳಿ ಬರುವ ಕಡೆಗೆ ಮೂಗು ತಿರುಗಿಸುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿಯಲ್ಲಿ ಅಭ್ಯಾಸ ಬೇಡ. ಗಂಟೆಗೆ 32 ಕಿ.ಮೀ. ಮೀರಿದರೆ ಹಾರಿಸಬಾರದು ಅನ್ನುವುದು ಮಾಡೆಲ್ ರಾಕೆಟ್ ಸುರಕ್ಷತಾ ನಿಯಮ. ಬೆಳಗಿನ ಹೊತ್ತು ಒಳ್ಳೆಯದು.

ಕಿಡಿ ಹತ್ತದಿದ್ದರೆ ಓಡಿಹೋಗಿ ನೋಡಬೇಡಿ. ಹಾರಿಸುವ ಸ್ವಿಚ್ಚಿನ ಸುರಕ್ಷತಾ ಕೀಲಿ ತೆಗೆದು, 60 ಸೆಕೆಂಡ್ ಕಾಯಿರಿ. ಬೇಸಿಗೆಯಲ್ಲಿ ನಮ್ಮ ಬಯಲಿನ ಒಣಹುಲ್ಲು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಸುತ್ತ ಹುಲ್ಲು ಕೆರೆದು ಬಕೆಟ್‌ನಲ್ಲಿ ನೀರಿಡಿ. ಮೋಟಾರನ್ನು ಮನೆಯಲ್ಲೋ ಹಾಸ್ಟೆಲಿನಲ್ಲೋ ತಯಾರಿಸುವ ಮಾತೇ ಬೇಡ. ಯೂಟ್ಯೂಬ್ ನೋಡಿ ಇಂಧನ ಬೆರೆಸಲು ಹೋದರೆ ಬೆರಳು, ಕಣ್ಣು ಹೋಗುತ್ತವೆ. ಆಯೋಜಕರು ಒಪ್ಪಿದ ಮೋಟಾರ್, ಅನುಮತಿ ಪಡೆದ ಮೈದಾನ, ಜೊತೆಗೆ ಅನುಭವಿ ದೊಡ್ಡವರು. ಇದರಲ್ಲಿ ಒಂದು ಇಲ್ಲದಿದ್ದರೂ ಹಾರಿಸಬೇಡಿ. ಚಳ್ಳಕೆರೆ ಪರೀಕ್ಷಾ ವಲಯದ ಸುತ್ತಮುತ್ತ ವಿಮಾನಗಳು ಹಾರುತ್ತವೆ, ಆ ಕಡೆಯ ಬಯಲು ಎಷ್ಟೇ ವಿಶಾಲವಾಗಿ ಕಂಡರೂ ನಿಮ್ಮದಲ್ಲ.

ಹೈಸ್ಕೂಲ್ ಮಕ್ಕಳಿಗೆ, ಮೋಟಾರ್ ಸಿಗದ ಊರಿನವರಿಗೆ ನಾನು ಹೇಳುವುದು ನೀರಿನ ರಾಕೆಟ್. 2 ಲೀಟರಿನ ಸೋಡಾ ಬಾಟಲಿ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪು. ರೆಕ್ಕೆ, ಭಾರಕೇಂದ್ರ, ಪ್ಯಾರಾಚೂಟ್ ಎಲ್ಲವನ್ನೂ ಇದರಲ್ಲೇ ಕಲಿಯಬಹುದು, ಬೆಂಕಿಯ ಭಯ ಇಲ್ಲ. ಕುಡಿಯುವ ನೀರಿನ ತೆಳು ಬಾಟಲಿ ಬಳಸಬೇಡಿ, ಗ್ಯಾಸ್ ತುಂಬಿದ ಪಾನೀಯದ್ದೇ ಬೇಕು. ಒತ್ತಡ 60 ಪಿಎಸ್‌ಐ ದಾಟಿಸಬೇಡಿ, ಕಣ್ಣಿಗೆ ಕನ್ನಡಕ ಇರಲಿ, ದೂರದಿಂದ ದಾರ ಎಳೆದು ಬಿಡಿ. ಬಾಟಲಿಯ ಮೇಲೆ ಎಲ್ಲಾದರೂ ಬಿಳಿ ಗೆರೆ ಕಂಡರೆ ಅದನ್ನು ತೆಗೆದಿಟ್ಟು ಹೊಸದು ಹಾಕಿ.